ಮರೆಯಾದ ಲಘು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೂರ್ಯನು ಮುಳುಗಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಊರಿನ ಕೆಲಸಗಳೆಲ್ಲ ಒಳಮನೆಗೆ ಸರಿಯುತ್ತವೆ. ಎತ್ತುಗಳು ಗೋದಲಿಗೆ ಬಂದಿರುತ್ತವೆ. ಕಣದಲ್ಲಿ ಹರವಿದ ಮೆಕ್ಕೆಜೋಳದ ಮೇಲೆ ತಾಡಪಾಲನ್ನು ಎಳೆದಾಗಿರುತ್ತದೆ. ಗವಾಕ್ಷಿಗಳಿಂದ ಒಲೆಯ ಹೊಗೆ ಮೇಲೇಳುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೆ ವೃದ್ಧರೊಬ್ಬರು ಕಂಬಳಿ ಹೊದ್ದು, ಕೊರಳಿಗೆ ಜೋಡುಗಣ್ಣಿನ ದುರ್ಬೀನನ್ನು ತೂಗುಹಾಕಿಕೊಂಡು, ಏಣಿಯೇರಿ ತಮ್ಮ ಮನೆಯ ಮಣ್ಣಿನ ಮಾಳಿಗೆಯನ್ನು ಸೇರುತ್ತಾರೆ. ಅಲ್ಲೊಂದು ಹಳೆಯ ಆರಾಮಕುರ್ಚಿ, ಒಂದು ಕೈಗಡಿಯಾರ, ಕೆಂಪು ಕಾಗದ ಸುತ್ತಿದ ಒಂದು ಟಾರ್ಚು, ರಟ್ಟಿನ ಹೊದಿಕೆಯ ಒಂದು ದಪ್ಪ ನೋಟುಪುಸ್ತಕ. ಇವಿಷ್ಟೇ ಅವರ ವೇಧಶಾಲೆಯ ಸಾಮಗ್ರಿ.

ಊರಿನವರಿಗೆ ಅವರು ‘ಗಣಿತದ ಮೇಷ್ಟ್ರು’. ನಿವೃತ್ತರಾದ ಮೇಲೂ ಆ ಹೆಸರು ನಿವೃತ್ತವಾಗಲಿಲ್ಲ. ಮಾಘದ ತಿಂಗಳಲ್ಲಿ ಕೊಟ್ಟೂರಿನ ರಥೋತ್ಸವಕ್ಕೆ ಪಾದಯಾತ್ರೆ ಹೊರಟವರು ರಾತ್ರಿಯ ತಂಪಿನಲ್ಲಿ ನಡೆಯುತ್ತಾ, ಮಾಳಿಗೆಯ ಮೇಲೆ ಕತ್ತೆತ್ತಿ ಕುಳಿತ ಈ ಆಕೃತಿಯನ್ನು ಕಂಡು, “ಯಾಕ್ರೀ ಮೇಷ್ಟ್ರೇ, ಮ್ಯಾಲೆ ಏನಾರ ಕಳ್ಕಂಡೀರೇನು?” ಎಂದು ಕೂಗುವುದುಂಟು. ಮೇಷ್ಟ್ರು ಉತ್ತರ ಕೊಡುವುದಿಲ್ಲ. ಉತ್ತರ ಕೊಟ್ಟರೆ ಎಣಿಕೆ ತಪ್ಪುತ್ತದೆ.

ಅವರು ಎಣಿಸುವುದು ನಕ್ಷತ್ರಗಳನ್ನಲ್ಲ. ಮನುಷ್ಯನು ಮೇಲಕ್ಕೆಸೆದು, ಕೆಲಸ ಮುಗಿದ ಬಳಿಕ ಅಲ್ಲಿಯೇ ಬಿಟ್ಟ ವಸ್ತುಗಳು ಲಾಗ ಹೊಡೆಯುತ್ತಾ ಹೋಗುವಾಗ ಬೀರುವ ಮಿಂಚುಗಳನ್ನು ಅವರು ಎಣಿಸುತ್ತಾರೆ.

ಕೃತಕ ಉಪಗ್ರಹಕ್ಕೆ ಕಣ್ಣಿಗೆ ಕಾಣುವಂತಹ ಸ್ವಂತ ಬೆಳಕಿಲ್ಲ. ಭೂಮಿಯ ಮೇಲೆ ಕತ್ತಲು ಕವಿದಿದ್ದರೂ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಇನ್ನೂ ಇರುತ್ತದೆ. ಆ ಬಿಸಿಲನ್ನು ತನ್ನ ಮೈಯಿಂದ ಕೆಳಗೆ ಚೆಲ್ಲುತ್ತಾ ಉಪಗ್ರಹವು ಚುಕ್ಕಿಯಂತೆ ಸಾಗುತ್ತದೆ. ಅದು ಜೀವಂತವಾಗಿದ್ದು ತನ್ನ ಮೈಯನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದರೆ ಬೆಳಕು ಬಹುಮಟ್ಟಿಗೆ ಸ್ಥಿರ. ಹಿಡಿತ ತಪ್ಪಿದ ಮೇಲೆ ಅದು ತಲೆಕೆಳಗಾಗಿ ಮಗುಚುತ್ತದೆ; ಮಗುಚುವಾಗ ಒಮ್ಮೆ ತನ್ನ ಪಕ್ಕೆಯನ್ನು, ಒಮ್ಮೆ ತನ್ನ ತುದಿಯನ್ನು ನೋಡುವವನ ಕಡೆಗೆ ತಿರುಗಿಸುತ್ತದೆ. ಪಕ್ಕೆ ತಿರುಗಿದಾಗ ಮಿಂಚು, ತುದಿ ತಿರುಗಿದಾಗ ಮಬ್ಬು. ವಿಮಾನದ ದೀಪ ಮಿನುಗುವುದು ವಿದ್ಯುತ್ತಿನಿಂದ. ಇದು ಮಿನುಗುವುದು ಕನ್ನಡಿಯ ನ್ಯಾಯದಿಂದ. ಕೊಳ್ಳಿಯನ್ನು ಗರಗರನೆ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುವುದನ್ನು ಪ್ರಾಚೀನ ಶಾಸ್ತ್ರಕಾರರು ಅಲಾತಚಕ್ರವೆಂದು ಕರೆದು ಭ್ರಮೆಗೆ ದೃಷ್ಟಾಂತವಾಗಿ ಬಳಸಿದರು. ಇಲ್ಲಿ ಆ ದೃಷ್ಟಾಂತ ತಲೆಕೆಳಗಾಗಿದೆ. ಚಕ್ರವು ನಿಜ, ಅದು ಕಾಣದು, ಕಾಣುವುದು ಕಿಡಿಯೊಂದೇ. ಸ್ವರ್ಗಕ್ಕೂ ಸಲ್ಲದೆ ಭೂಮಿಗೂ ಬೀಳದೆ ತಲೆಕೆಳಗಾಗಿ ನಿಂತ ತ್ರಿಶಂಕುವಿನ ಕಥೆಯನ್ನು ಬಲ್ಲವರಿಗೆ ಈ ವಸ್ತುಗಳ ಪಾಡನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತ್ರಿಶಂಕು ನಿಶ್ಚಲನಾಗಿದ್ದನು, ಇವು ನಿಲ್ಲವು, ಅಷ್ಟೇ ಭೇದ.

ಒಂದು ಮಿಂಚಿನಿಂದ ಇನ್ನೊಂದು ಮಿಂಚಿನವರೆಗಿನ ಕಾಲವೇ ಈ ಹವ್ಯಾಸದ ಸರ್ವಸ್ವ. ಆ ಕಾಲವನ್ನು ಬಲ್ಲವನು, ಕಣ್ಣಿಗೆ ಬರಿಯ ಬಿಂದುವಾಗಿ ತೋರುವ ವಸ್ತು ಹೇಗೆ ತಿರುಗುತ್ತಿದೆಯೆಂಬುದನ್ನು ಬಲ್ಲನು. ವರ್ಷಗಳ ಕಾಲ ಅಳೆದವನು ಆ ತಿರುಗುವಿಕೆ ಹೇಗೆ ಬದಲಾಗುತ್ತಿದೆಯೆಂಬುದನ್ನೂ ಅರಿಯಬಲ್ಲನು. ಲೋಹದ ಮೈ ಭೂಮಿಯ ಕಾಂತಕ್ಷೇತ್ರದಲ್ಲಿ ತಿರುಗುವಾಗ ಅದರೊಳಗೆ ಸುಳಿಸುಳಿಯಾಗಿ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ. ಅವು ತಿರುಗುವಿಕೆಗೆ ಬಿರಿಗಳಂತೆ ವರ್ತಿಸಿ ಅದನ್ನು ನಿಧಾನಗೊಳಿಸುತ್ತವೆ. ಕೆಲವೊಮ್ಮೆ ಉಳಿದ ಇಂಧನ ಸೋರಿಯೋ, ಬಿಸಿಲಿನ ಒತ್ತಡದಿಂದಲೋ ವೇಗ ಹೆಚ್ಚುವುದೂ ಉಂಟು. ಕೆಟ್ಟುಹೋದ ಉಪಗ್ರಹವನ್ನು ಹಿಡಿದು ಕೆಳಗಿಳಿಸುವ ಯೋಚನೆ ನಡೆದಿರುವ ಈ ಕಾಲದಲ್ಲಿ ಇದು ವಿನೋದದ ಮಾತಲ್ಲ. ಯುರೋಪಿನವರು 2002ರಲ್ಲಿ ಹಾರಿಸಿದ ಎಂಟು ಟನ್ ತೂಕದ ಎನ್‌ವಿಸ್ಯಾಟ್ 2012ರ ಏಪ್ರಿಲ್ 8ರಂದು ಇದ್ದಕ್ಕಿದ್ದಂತೆ ಮೂಕವಾಯಿತು. ಅಂದಿನಿಂದ ಅದು ಉರುಳುತ್ತಲೇ ಇದೆ. ತಿರುಗುವ ಬಾವಿಗಾಲಿಗೆ ಕೈ ಹಾಕುವವನು ಮೊದಲು ಅದರ ಗತಿಯನ್ನು ಗಮನಿಸಬೇಡವೇ?

ಈ ವೀಕ್ಷಣೆಯ ಇತಿಹಾಸ ಉಪಗ್ರಹಗಳ ಇತಿಹಾಸದಷ್ಟೇ ಹಳೆಯದು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ ಲೋಕವೆಲ್ಲ ಸಂಜೆಯ ಆಕಾಶಕ್ಕೆ ಮುಖವೆತ್ತಿತು. ಆದರೆ ಜನ ಬರಿಗಣ್ಣಿನಿಂದ ಕಂಡು ‘ಇದೇ ಸ್ಪುಟ್ನಿಕ್’ ಎಂದು ಬೆರಗಾದದ್ದು ಬಹುಪಾಲು ಆ 58 ಸೆಂಟಿಮೀಟರಿನ ಗೋಳವನ್ನಲ್ಲ, ಅದನ್ನು ಹೊತ್ತೊಯ್ದು ತಾನೂ ಕಕ್ಷೆ ಸೇರಿದ್ದ ರಾಕೆಟಿನ ದೊಡ್ಡ ಕೊಳವೆಯನ್ನು. ಪಲ್ಲಕ್ಕಿಯೊಳಗಿನ ಮೂರ್ತಿಯನ್ನು ಕಾಣದೆ ಪಲ್ಲಕ್ಕಿಗೇ ಕೈಮುಗಿದಂತಾಯಿತು. ಅದಕ್ಕೂ ಮುಂಚೆ, 1956ರಲ್ಲಿಯೇ, ಅಮೆರಿಕದ ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದ ಫ್ರೆಡ್ ವಿಪಲ್ ಎಂಬ ಖಗೋಳಜ್ಞರು ‘ಮೂನ್‌ವಾಚ್’ ಎಂಬ ಯೋಜನೆಯನ್ನು ಆರಂಭಿಸಿದ್ದರು. ಅಧ್ಯಾಪಕರು, ವಿದ್ಯಾರ್ಥಿಗಳು, ಗೃಹಿಣಿಯರು, ಅಂಗಡಿಯವರು ತಂಡ ಕಟ್ಟಿಕೊಂಡು ಚಿಕ್ಕ ದುರ್ಬೀನುಗಳ ಮುಂದೆ ಸಾಲಾಗಿ ಕುಳಿತು ಉಪಗ್ರಹ ಹಾದುಹೋದ ಕ್ಷಣವನ್ನು ಬರೆದುಕೊಡುತ್ತಿದ್ದರು. ಅದೇ ಸಂಸ್ಥೆ ಉಪಗ್ರಹಗಳ ಚಿತ್ರ ತೆಗೆಯಲು ಭೂಮಿಯ ಸುತ್ತ ಹನ್ನೆರಡು ಕಡೆ ಬೇಕರ್-ನನ್ ಎಂಬ ಬೃಹತ್ ಕ್ಯಾಮೆರಾಗಳನ್ನು ಸ್ಥಾಪಿಸಿತು. ಅವುಗಳಲ್ಲೊಂದು ಭಾರತದ ನೈನಿತಾಲಿನಲ್ಲಿತ್ತು. ಹವ್ಯಾಸಿಗಳ ಆ ಯೋಜನೆ 1975ರಲ್ಲಿ ಮುಗಿಯಿತು. ಆದರೆ ಹವ್ಯಾಸ ಮುಗಿಯಲಿಲ್ಲ. ಮುಂದೆ ಬೆಲ್ಜಿಯಂ ದೇಶದ ಹವ್ಯಾಸಿಗಳ ಒಂದು ಗುಂಪು ಮಿಂಚುವ ಉಪಗ್ರಹಗಳ ಆವರ್ತನಕಾಲವನ್ನೇ ಮುಖ್ಯವಾಗಿಟ್ಟುಕೊಂಡು ಹಲವು ದೇಶಗಳ ವೀಕ್ಷಕರಿಂದ ಸಾವಿರಾರು ಅಳತೆಗಳನ್ನು ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರ ಉಪಕರಣ ಒಂದು ದುರ್ಬೀನು, ಒಂದು ಗಡಿಯಾರ.

ಮೂನ್‌ವಾಚ್ ಮುಗಿದ ಆ 1975ನೆಯ ಇಸವಿಯೇ ಹೊಸಹಳ್ಳಿಯ ಮೇಷ್ಟ್ರ ಪಾಲಿಗೆ ಆರಂಭ. ಆಗ ಅವರಿಗೆ ಹದಿನೇಳು. ಏಪ್ರಿಲ್ 19ರಂದು ಆರ್ಯಭಟ ಕಕ್ಷೆ ಸೇರಿದ ವಾರ್ತೆಯನ್ನು ಪಂಚಾಯಿತಿ ಕಟ್ಟೆಯ ರೇಡಿಯೋದಲ್ಲಿ ಕೇಳಿದವರಲ್ಲಿ ಅವರೂ ಒಬ್ಬರು. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ರೂಪುಗೊಂಡ 360 ಕಿಲೋಗ್ರಾಂ ತೂಕದ ಆ ಉಪಗ್ರಹಕ್ಕೆ 26 ಮುಖಗಳಿದ್ದವು. ಅದು ಬುಗುರಿಯಂತೆ ತಿರುಗುವ ಹಾಗೆಯೇ ರಚಿತವಾಗಿತ್ತು. ಬುಗುರಿ ತಿರುಗುತ್ತಿರುವಷ್ಟು ಕಾಲ ಬೀಳದು ಎಂಬ ತತ್ತ್ವವೇ ಅದರ ಸ್ಥೈರ್ಯ. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಅದರ ಪ್ರಯೋಗಗಳು ನಿಂತುಹೋದರೂ ವಸ್ತುವು ಹದಿನೇಳು ವರ್ಷ ಭೂಮಿಯನ್ನು ಸುತ್ತಿ 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಬಿದ್ದು ಉರಿಯಿತು. ಅಷ್ಟರಲ್ಲಿ ಅದರ ಚಿತ್ರ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಕೋಟಿ ಜನರ ಜೇಬು ಸೇರಿತ್ತು. ಮೇಷ್ಟ್ರ ನೋಟುಪುಸ್ತಕದ ಮೊದಲ ಪುಟದಲ್ಲಿ ಅಂತಹ ಒಂದು ನೋಟು ಅಂಟಿಸಿದ್ದು ಇಂದಿಗೂ ಇದೆ.

ಆರ್ಯಭಟವನ್ನು ಅವರು ಎಂದೂ ಕಾಣಲಿಲ್ಲ. ಒಂದೂವರೆ ಮೀಟರ್ ಅಡ್ಡಳತೆಯ ಆ ವಸ್ತು ಸಾಧಾರಣ ದುರ್ಬೀನಿಗೆ ಸುಲಭವಾಗಿ ದಕ್ಕುವಂತಹದಾಗಿರಲಿಲ್ಲ. ಅಂದು ಅವರ ಬಳಿ ಸಾಧಾರಣ ದುರ್ಬೀನೂ ಇರಲಿಲ್ಲ. ದುರ್ಬೀನು ಬಂದದ್ದು 2018ರಲ್ಲಿ, ನಿವೃತ್ತಿಯ ಹಣದಿಂದ. ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರಗಳ ದುರ್ಬೀನು. ಮನೆಯಲ್ಲಿ ಆಗ ಹೊಲಿಗೆಯಂತ್ರ ಕೊಳ್ಳುವ ಪ್ರಸ್ತಾಪವಿತ್ತೆಂದೂ, ಅದು ಒಂದು ವರ್ಷ ಮುಂದಕ್ಕೆ ಹೋಯಿತೆಂದೂ ಬಲ್ಲವರು ಹೇಳುತ್ತಾರೆ. ಆರ್ಯಭಟವು ಇಲ್ಲದಿದ್ದರೇನು, ಅದನ್ನು ಹೊತ್ತೊಯ್ದ ಕಾಸ್ಮಾಸ್-3ಎಂ ಎಂಬ ರಾಕೆಟಿನ ಬಂಧುಬಳಗ ಆಕಾಶದಲ್ಲಿ ಬೇಕಾದಷ್ಟಿತ್ತು. ಸೋವಿಯತ್ ಒಕ್ಕೂಟವೂ ಆಮೇಲೆ ರಷ್ಯವೂ ಆ ರಾಕೆಟನ್ನು 2010ರವರೆಗೆ ನೂರಾರು ಬಾರಿ ಹಾರಿಸಿದವು. ಅದರ ಎರಡನೆಯ ಹಂತ ಸುಮಾರು ಆರು ಮೀಟರ್ ಉದ್ದದ, ಎರಡೂವರೆ ಮೀಟರಿಗೆ ತುಸು ಕಡಿಮೆ ಅಡ್ಡಳತೆಯ ಉರುಳೆ. ಉಪಗ್ರಹವನ್ನು ಇಳಿಸಿಕೊಟ್ಟ ಮೇಲೆ ಅದಕ್ಕೆ ಮಾಡುವುದಕ್ಕೇನೂ ಉಳಿಯದು. ಸುಮಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಧ್ರುವಗಳ ಸಮೀಪದ ಹಾದಿಯಲ್ಲಿ, ಒಂದು ಮುಕ್ಕಾಲು ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಾ ಅಂತಹ ಹಲವಾರು ಉರುಳೆಗಳು ಇಂದಿಗೂ ಇವೆ. ಶತಮಾನಗಳ ಕಾಲ ಇರುತ್ತವೆ. ಅವುಗಳಲ್ಲೊಂದು ಮೇಷ್ಟ್ರ ನಿತ್ಯದ ಅತಿಥಿಯಾಯಿತು. ಉತ್ತರದಲ್ಲಿ ಹುಟ್ಟಿ ತಲೆಯ ಮೇಲೆ ಹಾದು ದಕ್ಷಿಣಕ್ಕೆ ಇಳಿಯುವಷ್ಟರಲ್ಲಿ ಕಾಲುಗಂಟೆ. ಅಷ್ಟರೊಳಗೆ ನೂರಕ್ಕೂ ಮಿಕ್ಕಿ ಮಿಂಚು.

ಅಳೆಯುವ ಕ್ರಮವನ್ನು ಅವರು ಶಿಷ್ಯರಿಗೆ ಹೇಳಿಕೊಡುತ್ತಿದ್ದ ಬಗೆ ಸ್ವಾರಸ್ಯವಾಗಿತ್ತು. ಮೊದಲ ಮಿಂಚಿಗೆ ‘ಒಂದು’ ಎನ್ನಬಾರದು, ‘ಸೊನ್ನೆ’ ಎನ್ನಬೇಕು. ಬೇಲಿಗೆ ಹನ್ನೊಂದು ಗೂಟ ನೆಟ್ಟರೆ ನಡುವಿನ ಅಂತರ ಹತ್ತೇ ಎಂಬುದನ್ನು ರೈತನ ಮಗನಿಗೆ ಹೇಳಬೇಕಾಗಿಲ್ಲ. ಆದರೂ ಮಕ್ಕಳು ಮರೆಯುತ್ತಾರೆ. ಸೊನ್ನೆಯಿಂದ ಇಪ್ಪತ್ತರವರೆಗೆ ಎಣಿಸಿ, ಕಾಲವನ್ನು ಇಪ್ಪತ್ತರಿಂದ ಭಾಗಿಸಿದರೆ, ಬೆರಳಿನ ವಿಳಂಬದಿಂದಾಗುವ ದೋಷ ಸೆಕೆಂಡಿನ ನೂರನೆಯ ಒಂದೆರಡು ಪಾಲಿಗೆ ಇಳಿಯುತ್ತದೆ. ಕೈಯಲ್ಲಿ ಗಡಿಯಾರವಿಲ್ಲದ ಹುಡುಗರಿಗೆ ಅವರು ಇನ್ನೊಂದು ಉಪಾಯ ಹೇಳುತ್ತಿದ್ದರು. ಆರ್ಯಭಟನ ಗ್ರಂಥದ ಕಾಲಮಾನದಂತೆ ಅರವತ್ತು ಗುರ್ವಕ್ಷರಗಳನ್ನು ಉಚ್ಚರಿಸುವ ಹೊತ್ತು ಒಂದು ವಿನಾಡಿ, ಎಂದರೆ ಇಂದಿನ 24 ಸೆಕೆಂಡು. ಹತ್ತು ಗುರುವಿಗೆ ಒಂದು ಪ್ರಾಣ, ನಾಲ್ಕು ಸೆಕೆಂಡು. ಹದವಾಗಿ ‘ಕಾ ಕಾ ಕಾ’ ಎನ್ನುತ್ತಾ ಮಿಂಚಿನ ನಡುವಣ ಗುರುಗಳನ್ನು ಎಣಿಸಿದರೆ ಸಾಕು. ಮಾಳಿಗೆಯ ಮೇಲೆ ಐದಾರು ಮಕ್ಕಳು ಕತ್ತಲೆಯಲ್ಲಿ ಹೀಗೆ ಉಚ್ಚರಿಸುವುದನ್ನು ಕೇಳಿ, ಪಕ್ಕದ ಮನೆಯ ಅಜ್ಜಿಯೊಬ್ಬರು ಅಕಾಲದಲ್ಲಿ ಕಾಗೆ ಕೂಗುತ್ತಿವೆಯೆಂದು ಕೋಲು ಹಿಡಿದು ಹೊರಬಂದ ಪ್ರಸಂಗವೂ ನಡೆಯಿತು.

2021ರ ಜನವರಿಯ ಪುಟಗಳಲ್ಲಿ ಆ ಉರುಳೆಯ ಮಿಂಚಿನ ಅಂತರ 4.70 ಸೆಕೆಂಡೆಂದು ನಾಲ್ಕು ಸಂಜೆಗಳ ಅಳತೆಯಿಂದ ಬರೆದಿದೆ. ಅಂಕಿಗಳು ಮುತ್ತಿನಂತೆ ದುಂಡಗಿವೆ. ಅಂಕಿಗಳ ಹೊರತು ಬೇರೇನೂ ಬರೆದಿಲ್ಲ. ಗಣಿತದವರ ಗುಣವೂ ಅದೇ, ದೋಷವೂ ಅದೇ.

ಅನಂತರದ ಎರಡು ವರ್ಷಗಳ ಪುಟಗಳಲ್ಲಿ ದೂರುಗಳು ಹೆಚ್ಚುತ್ತವೆ. ದೂರಿಗೆ ಕಾರಣಗಳೂ ಇದ್ದವು. ಹೆದ್ದಾರಿಯ ಕಡೆ ಬೆಳ್ಳನೆಯ ಎಲ್‌ಇಡಿ ದೀಪಗಳು ಬಂದವು; ಊರೊಳಗಿನ ಕಂಬಗಳಲ್ಲಿಯೂ ಅವೇ. ಸುತ್ತಿನ ದಿನ್ನೆಗಳಲ್ಲಿ ಎದ್ದ ಗಾಳಿಗಿರಣಿಗಳ ನೆತ್ತಿಯ ಮೇಲೆ ಕೆಂಪು ದೀಪಗಳು ದಿಗಂತದಲ್ಲಿ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತಾ ಅಣಕಿಸುವಂತೆ ಮಿನುಗತೊಡಗಿದವು. 2019ರಿಂದ ಈಚೆಗೆ ಸ್ಟಾರ್‌ಲಿಂಕ್ ಉಪಗ್ರಹಗಳು ಹಿಂಡುಹಿಂಡಾಗಿ ಏರಿ, ಹೊಸದಾಗಿ ಬಿಟ್ಟಾಗ ಮಣಿಸರದಂತೆ ಸಾಲಾಗಿ ಸಾಗಿ, ಊರಿನ ಜನ ಹೌಹಾರುವಂತೆ ಮಾಡಿದವು. ಅದೇ ಅವಧಿಗೆ ಹಳೆಯ ಇರಿಡಿಯಂ ಉಪಗ್ರಹಗಳನ್ನು ಅವುಗಳ ಒಡೆಯರು ಕೆಳಗಿಳಿಸಿ ಸುಟ್ಟರು. ಬಾಗಿಲಿನಷ್ಟು ದೊಡ್ಡ ನುಣುಪಾದ ಆಂಟೆನಾಗಳಿಂದ, ಶುಕ್ರನನ್ನೂ ನಾಚಿಸುವಂತೆ, ಹೇಳಿದ ಕ್ಷಣಕ್ಕೆ ಸರಿಯಾಗಿ ಫಳ್ಳೆಂದು ಹೊಳೆಯುತ್ತಿದ್ದ ಆ ಮಿಂಚುಗಳು ಕೆಟ್ಟು ಉಳಿದ ಕೆಲವನ್ನು ಬಿಟ್ಟರೆ ಕಥೆಯಾದವು. ಹೀಗೆ ಒಳ್ಳೆಯದು ಹೋಗಿ ಬೇಡದ್ದು ಬರುತ್ತಿದೆಯೆಂಬ ಭಾವ ಮೇಷ್ಟ್ರಲ್ಲಿ ನೆಲೆಗೊಂಡಿತ್ತು. ‘ಆಕಾಶ ಮಸುಕು’, ‘ಧೂಳು ಹೆಚ್ಚು’, ‘ದೀಪಗಳ ಸುತ್ತ ಪರಿವೇಷ’ ಎಂಬ ಟಿಪ್ಪಣಿಗಳು ಮೇಲಿಂದ ಮೇಲೆ ಬರುತ್ತವೆ. ಜಪಾನಿನವರು 1986ರಲ್ಲಿ ಹಾರಿಸಿದ, ಮೈತುಂಬ 318 ಕನ್ನಡಿಗಳನ್ನು ತೊಟ್ಟ ಅಜಿಸಾಯ್ ಎಂಬ ಗೋಳದ ಚುರುಕು ಮಿಂಚುಗಳು ಮೊದಲು ದುರ್ಬೀನಿನಲ್ಲಿ ಅವರಿಗೆ ಬಲು ಪ್ರಿಯ. 2022ರ ಕೊನೆಗೆ ‘ಅಜಿಸಾಯ್ ಕಾಣಲಿಲ್ಲ’ ಎಂದು ಮೂರು ಬಾರಿ ಬರೆದಿದೆ.

2023ರ ಜನವರಿಯಲ್ಲಿ ನಿತ್ಯದ ಅತಿಥಿ ಬಹುದಿನಗಳ ಮೇಲೆ ಅನುಕೂಲವಾದ ಹೊತ್ತಿನಲ್ಲಿ ತಲೆಯ ಮೇಲೆ ಬಂದಿತು. ಮೇಷ್ಟ್ರು ಎಣಿಸಿದರು. ನಂಬಲಿಲ್ಲ. ಮರುದಿನ ಮತ್ತೆ ಎಣಿಸಿದರು. ಅಂತರ 9.70 ಸೆಕೆಂಡು! ಎರಡು ವರ್ಷಗಳಲ್ಲಿ ಉರುಳೆಯ ಗತಿ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ನಲವತ್ತು ವರ್ಷ ಪರರ ಲೆಕ್ಕಗಳನ್ನೇ ಕಪ್ಪುಹಲಗೆಯ ಮೇಲೆ ಬಿಡಿಸಿದವರಿಗೆ ತಮ್ಮದೇ ಆದ ಒಂದು ಅಂಕಿ ದೊರೆತಿತ್ತು.

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ. ವಿ. ರಾಮನ್ ಅವರ ಪರಿಣಾಮದ ಶೋಧದ ನೆನಪಿಗೆ 1987ರಿಂದ ನಾಡಿನ ಶಾಲೆಗಳಲ್ಲಿ ನಡೆದುಬಂದ ಆಚರಣೆ. ಸಮೀಪದ ಪ್ರೌಢಶಾಲೆಯೊಂದರವರು ಮೇಷ್ಟ್ರನ್ನು ಭಾಷಣಕ್ಕೆ ಕರೆದರು. ಅವರು ಮಕ್ಕಳ ಮುಂದೆ ಒಂದು ಬಾಟಲಿಯನ್ನು ದಾರಕ್ಕೆ ಕಟ್ಟಿ ತಿರುಗಿಸಿ, ಟಾರ್ಚಿನ ಬೆಳಕು ಬೀರಿ, ಮಿಂಚು ಹುಟ್ಟುವ ಬಗೆಯನ್ನು ತೋರಿಸಿದರು. ಕಾಂತಕ್ಷೇತ್ರದ ಬಿರಿಯನ್ನು ವಿವರಿಸಿದರು. ಕೊನೆಗೆ, ಸ್ವರವನ್ನು ತುಸು ತಗ್ಗಿಸಿ, ಹೊಸಹಳ್ಳಿಯ ಮಾಳಿಗೆಯಿಂದಲೇ ಕಂಡುಹಿಡಿದ ಸಂಗತಿಯನ್ನು ಹೇಳಿದರು. ಚಪ್ಪಾಳೆಯಾಯಿತು. ಮುಖ್ಯೋಪಾಧ್ಯಾಯರು ಆ ಎರಡು ಅಂಕಿಗಳನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ದೊಡ್ಡದಾಗಿ ಬರೆಸಿದರು.

ಆ ಭಾಷಣವನ್ನು ಕೇಳಿದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಾನೂ ನೋಡಬೇಕೆಂದು ಹಠ ಹಿಡಿದು ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಮಾಳಿಗೆಗೆ ಬಂದನು. ಗಣಿತದಲ್ಲಿ ಅವನು ಅಷ್ಟಕ್ಕಷ್ಟೆ. ಕನ್ನಡ ತರಗತಿಯಲ್ಲಿ ಆಗತಾನೆ ಛಂದಸ್ಸಿನ ಪಾಠ ನಡೆದಿತ್ತು. ಕಂಡ ಕಂಡ ಅಂಗಡಿಯ ಫಲಕಗಳಿಗೆಲ್ಲ ಪ್ರಸ್ತಾರ ಹಾಕುವ ಹುಚ್ಚು ಹಿಡಿದಿತ್ತು. ಮೇಷ್ಟ್ರು ದುರ್ಬೀನನ್ನು ಅವನ ಕೈಗೆ ಕೊಟ್ಟು ಹಾದಿ ತೋರಿಸಿದರು. ಹುಡುಗ ಕೊಂಚ ಹೊತ್ತು ಮಾತಾಡಲಿಲ್ಲ.

“ಸಾರ್, ಗುರು ಆದ ಮ್ಯಾಲೆ ಒಂದು ಲಘು ಐತಿ.”

“ಏನು?”

“ಒಂದು ದೊಡ್ಡದು ಮಿಂಚತೈತಿ. ಆಮ್ಯಾಲೆ ಒಂದು ಸಣ್ಣದು. ಮತ್ತೆ ದೊಡ್ಡದು. ಗುರು, ಲಘು, ಗುರು, ಲಘು.”

ಮೇಷ್ಟ್ರು ದುರ್ಬೀನನ್ನು ಕಸಿದುಕೊಂಡು ನೋಡಿದರು. ದೊಡ್ಡ ಮಿಂಚು, ಮುಂದಿನ ದೊಡ್ಡ ಮಿಂಚು, ನಡುವೆ ಬರಿಯ ಕತ್ತಲೆ. “ಭ್ರಮೆ” ಎಂದರು. ಹೊಸದಾಗಿ ದುರ್ಬೀನು ಹಿಡಿದವರ ಕೈ ನಡುಗುತ್ತದೆ, ಕಣ್ಣು ಇಲ್ಲದ್ದನ್ನು ಕಾಣುತ್ತದೆ ಎಂದು ತಿಳಿಹೇಳಿದರು. ಹುಡುಗ ಎದುರಾಡಲಿಲ್ಲ, ಒಪ್ಪಲೂ ಇಲ್ಲ. ವಸ್ತುವು ದಕ್ಷಿಣದಲ್ಲಿ ಭೂಮಿಯ ನೆರಳನ್ನು ಹೊಕ್ಕು ಆರಿಹೋಯಿತು.

ಹುಡುಗನನ್ನು ಕಳುಹಿಸಿದ ಮೇಲೆ ಮೇಷ್ಟ್ರು ಕೆಳಗಿಳಿಯಲಿಲ್ಲ. ಗಣಿತದ ಮನಸ್ಸು ಒಮ್ಮೆ ಸಂಶಯವನ್ನು ಒಳಗೆ ಬಿಟ್ಟರೆ ಅದನ್ನು ಹೊರದೂಡುವುದು ಸುಲಭವಲ್ಲ. 9.70ರ ಅರ್ಧ 4.85. ಎರಡು ವರ್ಷದ ಹಿಂದಿನದು 4.70. ಆರು ಮೀಟರಿನ ಉರುಳೆ ಒಂದು ಸುತ್ತು ಮಗುಚಿದರೆ ಪಕ್ಕೆ ಎರಡು ಬಾರಿ ಎದುರಾಗಬೇಕಷ್ಟೆ. ಒಂದು ಸುತ್ತಿಗೆ ಎರಡು ಮಿಂಚು. ಒಂದು ಪಕ್ಕೆ ನುಣುಪಾಗಿ ಇನ್ನೊಂದು ಕಪ್ಪಾಗಿದ್ದರೆ, ಅಥವಾ ಬಿಸಿಲು ಬೀಳುವ ಓರೆ ಬೇರೆಯಾಗಿದ್ದರೆ, ಒಂದು ಉಜ್ವಲ, ಇನ್ನೊಂದು ಮಂದ. 2021ರಲ್ಲಿ ಎರಡನ್ನೂ ಎಣಿಸಿದ್ದಾಗ ಹೀಗೆ ದೊಡ್ಡ ಚಿಕ್ಕ ಭೇದವಿತ್ತೇ? ನೋಟುಪುಸ್ತಕ ಹೇಳುವುದಿಲ್ಲ. ಅಂಕಿಯನ್ನು ಬರೆದ ಕೈ ರೂಪವನ್ನು ಬರೆದಿರಲಿಲ್ಲ.

ಮರುದಿನ ಹುಡುಗನನ್ನು ಮತ್ತೆ ಕರೆಸಿದರು. ಈ ಬಾರಿ ದುರ್ಬೀನು ಹುಡುಗನ ಕೈಯಲ್ಲಿ. ಮೇಷ್ಟ್ರು ಆಕಾಶಕ್ಕೆ ಬೆನ್ನು ಮಾಡಿ ಗಡಿಯಾರವನ್ನು ಹಿಡಿದು ಕುಳಿತರು. ಹುಡುಗ ಕಂಡಂತೆ ‘ಗುರು’, ‘ಲಘು’ ಎಂದು ಕೂಗಬೇಕು. ಇವರು ಗಡಿಯಾರದ ಗುಂಡಿ ಒತ್ತಬೇಕು. ಭ್ರಮೆಯಾಗಿದ್ದರೆ ಲಘುಗಳು ಹೊತ್ತುಗೊತ್ತಿಲ್ಲದೆ ಬೀಳಬೇಕಾಗಿತ್ತು. ಅವು ಪ್ರತಿಯೊಂದು ಬಾರಿಯೂ ಎರಡು ಗುರುಗಳ ನಟ್ಟನಡುವೆ ಬಂದು ಬಿದ್ದವು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಪಶ್ಚಿಮದಲ್ಲಿ ಕೃತ್ತಿಕಾ ನಕ್ಷತ್ರಪುಂಜ ಇಳಿಯುತ್ತಿತ್ತು. 2019ರಲ್ಲಿ ಅದೇ ದುರ್ಬೀನಿನಿಂದ ಕಂಡ ಕೃತ್ತಿಕೆಯ ಚಿತ್ರವನ್ನು ಮೇಷ್ಟ್ರು ಬರೆದಿಟ್ಟಿದ್ದರು; ಚುಕ್ಕಿಗಳು ಮೂವತ್ತೊಂದು. ಈಗ ನೋಡಿ ಎಣಿಸಿದರು: ಹದಿನಾಲ್ಕು. ದೀಪ, ಧೂಳು, ಗಾಳಿಗಿರಣಿ, ಎಲ್ಲವೂ ಇದ್ದವಲ್ಲ, ಇರಲಿ. ದುರ್ಬೀನನ್ನು ಹುಡುಗನಿಗೆ ಕೊಟ್ಟು, ಕಂಡಷ್ಟನ್ನು ಹಾಳೆಯ ಮೇಲೆ ಗುರುತಿಸುವಂತೆ ಹೇಳಿದರು. ಅದೇ ಮಾಳಿಗೆ, ಅದೇ ದುರ್ಬೀನು, ಅದೇ ಧೂಳಿನ ಆಕಾಶ. ಹುಡುಗನ ಹಾಳೆಯಲ್ಲಿ ಇಪ್ಪತ್ತೇಳು ಚುಕ್ಕಿಗಳಿದ್ದವು. ಕೆಂಪು ಟಾರ್ಚಿನ ಬೆಳಕಿನಲ್ಲಿ ಹಳೆಯ ಚಿತ್ರದ ಪಕ್ಕಕ್ಕಿಟ್ಟರೆ ಒಂದೊಂದೂ ತನ್ನ ತಾಣದಲ್ಲಿತ್ತು. ಮೂವತ್ತೊಂದರಿಂದ ಇಪ್ಪತ್ತೇಳಕ್ಕೆ ಇಳಿಸಿದ್ದು ಊರಿನ ದೀಪ. ಇಪ್ಪತ್ತೇಳರಿಂದ ಹದಿನಾಲ್ಕಕ್ಕೆ ಇಳಿಸಿದ್ದು ಯಾವುದೆಂದು ಅವರಿಗೆ ಆ ಕ್ಷಣ ತಿಳಿಯಿತು.

ಮುಂದಿನ ವಾರ ನೇತ್ರಚಿಕಿತ್ಸಾ ಶಿಬಿರವೊಂದರಲ್ಲಿ ವೈದ್ಯರು ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: ಬಲಗಣ್ಣಿನ ಪೊರೆ ಬಲಿತಿದೆ, ಎಡಗಣ್ಣಿನದು ಹಿಂಬಾಲಿಸುತ್ತಿದೆ. ದೀಪಗಳ ಸುತ್ತಲಿನ ಪರಿವೇಷ ಆಕಾಶದ್ದಾಗಿರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವುದಕ್ಕೆ ಮುಂಚೆಯೇ ಮೇಷ್ಟ್ರು ಆ ಪ್ರೌಢಶಾಲೆಗೆ ಹೋಗಿ, ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಐದು ನಿಮಿಷ ಬೇಕೆಂದು ಕೇಳಿದರು. ಮುಖ್ಯೋಪಾಧ್ಯಾಯರು ಸಂಕೋಚಪಟ್ಟರು. ಗೋಡೆಪತ್ರಿಕೆಯನ್ನು ಸದ್ದಿಲ್ಲದೆ ಬದಲಾಯಿಸಿದರೆ ಸಾಲದೇ, ಇಷ್ಟಕ್ಕೂ ರಾಕೆಟಿನ ಲೆಕ್ಕವನ್ನು ಕೇಳುವವರು ಯಾರು ಎಂದರು. ಸೌಜನ್ಯದ ಮಾತೇ, ಆದರೆ ಪರೀಕ್ಷೆಯಲ್ಲಿ ತಪ್ಪಿದ ಹುಡುಗನಿಗೆ ಯಾವ ಮೇಷ್ಟ್ರೂ ಆ ಸೌಜನ್ಯ ತೋರುವುದಿಲ್ಲ. ಇವರು ಒಪ್ಪಲಿಲ್ಲ. ಮಕ್ಕಳ ಸಾಲಿನ ಮುಂದೆ ನಿಂತು, ಫೆಬ್ರವರಿಯಲ್ಲಿ ತಾವು ಹೇಳಿದ ಎರಡನೆಯ ಅಂಕಿ ತಪ್ಪೆಂದೂ, ನಿಧಾನವಾದದ್ದು ರಾಕೆಟ್ ಅಲ್ಲ, ಮಂದವಾದದ್ದು ತಮ್ಮ ಕಣ್ಣೆಂದೂ, ನಿಜವಾದ ಅಂತರ 4.85 ಎಂದೂ, ಅದನ್ನು ಕಂಡವನು ಇಂತಹವನೆಂದೂ ಹೇಳಿದರು. ಕೆಲವರು ನಕ್ಕರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ, “ಹಾಂಗಾದ್ರ 4.70ರಿಂದ 4.85 ಆಗೈತಲ್ಲ ಸಾರ್, ನಿಧಾನ ಆಗೇ ಐತಿ” ಎಂದಳು. ಮೇಷ್ಟ್ರು ಒಂದು ಕ್ಷಣ ಅವಳ ಕಡೆಗೇ ನೋಡಿದರು. ತಮ್ಮ ತಪ್ಪನ್ನು ಒಪ್ಪಿಕೊಳ್ಳುವ ಆತುರದಲ್ಲಿ ಉಳಿದಿದ್ದ ಸತ್ಯವನ್ನೂ ಅವರು ಕೈಬಿಟ್ಟಿದ್ದರು. ನಿಧಾನವಾದದ್ದು ಅರ್ಧಕ್ಕಲ್ಲ, ನೂರಕ್ಕೆ ಮೂರರಷ್ಟು. ಕಾಂತಕ್ಷೇತ್ರದ ಬಿರಿ ಅವಸರದ್ದಲ್ಲ.

ಗೋಡೆಪತ್ರಿಕೆಯಲ್ಲಿ 9.70ನ್ನು ಅಳಿಸದೆ ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ 4.85 ಎಂದು ಬರೆಸಿದರು. ಆಕಾಶದ ಇಂತಹ ನಿರ್ಜೀವ ವಸ್ತುಗಳ ಮೇಲೆ ಕಣ್ಣಿಡಲು ಇಸ್ರೋ ಸಂಸ್ಥೆಯು 2022ರಲ್ಲಿ ಬೆಂಗಳೂರಿನಲ್ಲಿ ಒಂದು ಪ್ರತ್ಯೇಕ ವ್ಯವಸ್ಥೆಯನ್ನೇ ಆರಂಭಿಸಿದೆ. ಅಲ್ಲಿನ ಲೆಕ್ಕಗಳಿಗೆ ಹೊಸಹಳ್ಳಿಯ ಗೋಡೆಯ ಅಂಕಿಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆ ಗೆರೆಯನ್ನು ಮಾತ್ರ ಆ ವರ್ಷ ಆ ಶಾಲೆಯ ಮಕ್ಕಳೆಲ್ಲರೂ ನೋಡಿದರು.

ಬಲಗಣ್ಣಿಗೆ ಮೇ ತಿಂಗಳಲ್ಲಿ, ಎಡಗಣ್ಣಿಗೆ ಆಗಸ್ಟಿನಲ್ಲಿ ಚಿಕಿತ್ಸೆಯಾಯಿತು. ಹಳದಿಗಟ್ಟಿದ ಹಳೆಯ ಮಸೂರ ಹೋಗಿ ಹೊಸದು ಬಂದಾಗ ಲೋಕಕ್ಕೆ ನೀಲಿ ಮರಳಿ ಬರುತ್ತದೆ. ಮಡದಿಯ ಸೀರೆಯ ನಿಜವಾದ ಬಣ್ಣ ಇಷ್ಟು ವರ್ಷಗಳ ಮೇಲೆ ತಿಳಿಯಿತೆಂದು ಮೇಷ್ಟ್ರು ಹೇಳಿ ಮನೆಯಲ್ಲಿ ನಗೆಯನ್ನೂ ಚೂರು ಗದರಿಕೆಯನ್ನೂ ಪಡೆದರು. ಮಳೆಗಾಲ ಮುಗಿಯುವವರೆಗೆ ಆಕಾಶ ತೆರೆಯಲಿಲ್ಲ. ನವೆಂಬರಿನಲ್ಲಿ ಮಾಳಿಗೆಗೆ ಏಣಿ ಇಟ್ಟರು. ಹತ್ತನೆಯ ತರಗತಿಗೆ ಬಂದಿದ್ದ ಹುಡುಗ ಪರೀಕ್ಷೆಯ ಓದನ್ನು ಬಿಟ್ಟು ಬಂದದ್ದಕ್ಕೆ ಬೈಸಿಕೊಂಡು, ಆಮೇಲೆ ಗಡಿಯಾರ ಹಿಡಿದು ಕುಳಿತನು.

ಆ ಸಂಜೆಯ ಪುಟದಲ್ಲಿ ಅಂಕಿಯ ಎಡಗಡೆ ಹೊಸದೊಂದು ಅಂಕಣವಿದೆ, ತಲೆಬರಹ ‘ರೂಪ’. ಅದರಲ್ಲಿ ಮೇಷ್ಟ್ರ ಕೈಯಿಂದಲೇ ಒಂದು ಅಡ್ಡಗೆರೆ, ಒಂದು ಅರ್ಧಚಂದ್ರ, ಒಂದು ಅಡ್ಡಗೆರೆ, ಒಂದು ಅರ್ಧಚಂದ್ರ, ಹೀಗೆ ಸಾಲಿನ ಕೊನೆಯವರೆಗೆ ಪ್ರಸ್ತಾರ ಹಾಕಿದೆ. ಅದರ ಮುಂದೆ: 4.92. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: ‘ಅಜಿಸಾಯ್ ಕಂಡಿತು.’